ರೆಸಿಡೆಂಟ್ ಈವಿಲ್ ವಿಡಿಯೋ ಗೇಮ್ ಮೊದಲನೇದು ಮುಗಿಸಿದೆ, ಎರಡನೇದು ಅದಕ್ಕಿಂತ ಚೆನ್ನಾಗಿದೆಯಾ?

ಮೊದಲನೇದು ಮುಗಿಸಿದ ರಾತ್ರಿ ನಾನೂ ಇದನ್ನೇ ಕೇಳಿದ್ದೆ, ಅಕ್ಕನ ಹತ್ರ, 1999ರ ಮೇ ರಜೆಯಲ್ಲಿ, ಮುಂಬೈ ಹತ್ರದ ಡೊಂಬಿವಲಿಯ ನಮ್ಮ ಒಂದು ರೂಮು ಒಂದು ಅಡುಗೆಮನೆ ಬಾಡಿಗೆ ಮನೇಲಿ. ಅಪ್ಪ ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲಲ್ಲಿ ಕ್ಯಾಶಿಯರ್, ಬೆಳಗಿನ ಜಾವದ ಲೋಕಲ್ ಹಿಡೀಬೇಕು, ಹಾಗಾಗಿ ಒಂಬತ್ತಕ್ಕೆಲ್ಲ ಮಲಗಿಬಿಡೋರು. ದುಬೈ ಮಾಮ ತಂದುಕೊಟ್ಟಿದ್ದ ಪ್ಲೇಸ್ಟೇಷನ್, ಟೀವಿ ಸೌಂಡು ಕೇಳಿಯೂ ಕೇಳದ ಹಾಗೆ, ಆ ಕಡೆ ಅಪ್ಪನ ಗೊರಕೆ, ಈ ಕಡೆ ನಾವಿಬ್ರು.

ಮೊದಲನೇದನ್ನ ಆಡಿದ್ದು ಇಬ್ರೂ ಸೇರಿ. ಕಂಟ್ರೋಲರ್ ನನ್ನ ಕೈಲಿ, ಅಕ್ಕನ ಕೈಲಿ ಅಪ್ಪ ತಂದಿದ್ದ ಹಳೇ ಬಿಲ್ ಬುಕ್ಕು. ಅದರ ಹಾಳೆಗಳ ಹಿಂದೆ ಗೇಮ್ ನಡೆಯೋ ಬಂಗಲೆಯ ಒಂದೊಂದು ರೂಮನ್ನೂ ಪೆನ್ಸಿಲಲ್ಲಿ ಬಿಡಿಸಿದ್ಲು, ಯಾವ ಬಾಗಿಲಿಗೆ ಯಾವ ಕೀ, ಎಲ್ಲಿ ಟೈಪ್‌ರೈಟರ್ ಇದೆ, ಸೇವ್ ಮಾಡೋಕೆ ಇಂಕ್ ರಿಬ್ಬನ್ ಎಷ್ಟು ಉಳಿದಿದೆ, ಎಲ್ಲಾ. ಪಕ್ಕದಲ್ಲಿ ಅವಳ ಅಕ್ಷರದಲ್ಲಿ "ನೀಲಿ ಸೊಪ್ಪು ವಿಷಕ್ಕೆ, ಕೆಂಪು ಒಂದೇ ಆದ್ರೆ ಕೆಲಸಕ್ಕೆ ಬರಲ್ಲ, ಹಸಿರಿನ ಜೊತೆ ಸೇರಿಸು" ಅಂತ. ಅದರಲ್ಲಿ ಜಿಲ್, ಕ್ರಿಸ್ ಇಬ್ಬರಲ್ಲಿ ಒಬ್ಬರಾಗಿ ಆಡ್ಬೇಕು. ನಾವು ಆಡಿದ್ದು ಜಿಲ್ ಆಗಿ, ಅವಳಿಗೆ ಸಾಮಾನು ಇಡೋಕೆ ಎಂಟು ಜಾಗ, ಕ್ರಿಸ್‌ಗಾದ್ರೆ ಬರೀ ಆರು. ಕಾರಿಡಾರಲ್ಲಿ ಕಿಟಕಿ ಒಡ್ಕೊಂಡು ನಾಯಿ ಹಾರಿದಾಗ ಅಕ್ಕ ನನ್ನ ಬಾಯಿ ಗಟ್ಟಿಯಾಗಿ ಮುಚ್ಚಿ ಹಿಡಿದಿದ್ಲು, ಅಪ್ಪ ಎದ್ರೆ ಕಥೆ ಮುಗೀತು ಅಂತ.

ಎರಡನೇದರ ಕಾಪಿ ಸಿಡಿ ಮುಂಬೈನ ಲ್ಯಾಮಿಂಗ್ಟನ್ ರೋಡಿಂದ ತಂದ್ವಿ. ಇದರಲ್ಲೂ ಆಡೋಕೆ ಇಬ್ಬರು, ಎರಡು ಸಿಡಿ, ಒಂದು ಲಿಯಾನ್‌ದು, ಒಂದು ಕ್ಲೇರ್‌ದು. ಒಬ್ಬರ ಕಥೆ ಮುಗಿಸಿ ಸೇವ್ ಮಾಡಿದ್ರೆ ಆ ಸೇವ್ ಮೇಲೆ ಇನ್ನೊಬ್ಬರ ಕಥೆ ಶುರುವಾಗುತ್ತೆ, ಅದೇ ರಾತ್ರಿ, ಅದೇ ಪೊಲೀಸ್ ಸ್ಟೇಷನ್, ಅವರು ಇನ್ನೊಂದು ಕಡೆಯಿಂದ ಬಂದಿರ್ತಾರೆ. ಸರಿ, ಮೊದಲು ನಾನು ಲಿಯಾನ್, ಆಮೇಲೆ ಅವಳು ಕ್ಲೇರ್ ಅಂತ ಹಂಚ್ಕೊಂಡ್ವಿ.

ಈಗ ನಾನು ಮಾಡಿದ ತಪ್ಪು, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಸ್ಟೇಷನ್ನಿನ ಬೇಸ್‌ಮೆಂಟಲ್ಲಿ ಆಯುಧ ಇಡೋ ರೂಮಿದೆ, ಅಲ್ಲಿ ಲಾಕರಲ್ಲಿ ಒಂದು ಮಷಿನ್ ಗನ್ನು, ಇನ್ನೊಂದು ಸೊಂಟದ ಚೀಲ. ಗನ್ನು ಎರಡು ಜಾಗ ತಿನ್ನುತ್ತೆ, ಚೀಲ ತಗೊಂಡ್ರೆ ಎರಡು ಜಾಗ ಜಾಸ್ತಿ ಆಗುತ್ತೆ, ಎಂಟಿದ್ದದ್ದು ಹತ್ತು. ಅಂದ್ರೆ ಎರಡನ್ನೂ ತಗೊಂಡ್ರೆ ಗನ್ನು ಪುಕ್ಕಟೆ ಬಂದಂಗೆ, ಜಾಗದ ಲೆಕ್ಕ ಸರಿಸಮ. ಆದ್ರೆ ಮೊದಲು ಆಡಿದ ಕಥೆಯಲ್ಲಿ ನೀವೇನು ಎತ್ಕೊಂಡ್ರೋ ಅದು ಆಮೇಲೆ ಆಡೋ ಕಥೆಯಲ್ಲಿ ಇರಲ್ಲ, ಲಾಕರ್ ಖಾಲಿ. ನನಗೆ ಇದು ಗೊತ್ತಿರಲಿಲ್ಲ ಅಂತ ಹೇಳೋಕಾಗಲ್ಲ, ಕೆಳಗಿನ ಫ್ಲೋರಿನ ಹುಡುಗ ಮೊದಲೇ ಹೇಳಿದ್ದ, ಒಂದು ತಗೋ ಒಂದು ಬಿಡು ಅಂತ. ಅಕ್ಕ ಅವತ್ತು ನಿದ್ದೆ ತಡೀಲಾರದೆ ಮಲಗಿದ್ಲು. ನಾನು ಎರಡನ್ನೂ ಎತ್ಕೊಂಡೆ. ಬೇಡ ಅನ್ನಿಸಿದ್ರೆ ಹಿಂದಿನ ಸೇವ್‌ಗೆ ಹೋಗ್ಬೋದಿತ್ತು, ಆದ್ರೆ ಮೆಮೊರಿ ಕಾರ್ಡಲ್ಲಿ 15 ಬ್ಲಾಕ್ ಇದ್ರೂ ನಾನು ಶುರುವಿಂದ ಕೊನೇವರೆಗೂ ಒಂದೇ ಸೇವ್ ಮೇಲೆ ಮತ್ತೆ ಮತ್ತೆ ಬರೆದಿದ್ದೆ, ಹಿಂದಕ್ಕೆ ದಾರಿನೇ ಉಳಿಸ್ಕೊಂಡಿರಲಿಲ್ಲ. ಆ ಗನ್ನಿನ ಗುಂಡನ್ನ ಶೇಕಡಾ ಲೆಕ್ಕದಲ್ಲಿ ತೋರಿಸ್ತಾರೆ, ನಾನು ಆಟ ಮುಗಿಸಿದಾಗ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿದಿತ್ತು. ನನಗೆ ಬೇಕಾಗೇ ಇರಲಿಲ್ಲ ಅದು.

ಅಕ್ಕನ ಪಾಲಿಗೆ ಬಂದ, ಆಮೇಲೆ ಆಡೋ ಕಥೆಯಲ್ಲಿ ಆ ದೊಡ್ಡ ಕೋಟಿನ ರಾಕ್ಷಸ ಬರ್ತಾನೆ, ಮಿಸ್ಟರ್ ಎಕ್ಸ್, ಹಳೇ ಗೇಮಲ್ಲಿ ಅವನು ಆಮೇಲೆ ಆಡೋ ಕಥೆಯಲ್ಲಿ ಮಾತ್ರ ಇರೋದು. ಅವನನ್ನ ಬೀಳಿಸಿದ್ರೆ ಒಂದಿಷ್ಟು ಗುಂಡು ಸಿಗುತ್ತೆ, ಆದ್ರೆ ಬೀಳಿಸೋಕೇ ಅಷ್ಟು ಗುಂಡು ಬೇಕು. ಬಡಿದಾಡಿ, ಕುಂಟ್ಕೊಂಡು ಬೇಸ್‌ಮೆಂಟ್ ತಲುಪಿ ಆ ರೂಮಿನ ಬಾಗಿಲು ತೆಗೆದ್ಲು. ಗನ್ನಿನ ಲಾಕರ್ ಖಾಲಿ. ಚೀಲದ್ದೂ ಖಾಲಿ. ಒಂದು ನಿಮಿಷ ಕ್ಲೇರ್ ಆ ಲಾಕರ್ ಮುಂದೆ ಸುಮ್ನೆ ನಿಂತಿದ್ಲು, ಅಕ್ಕ ಬಟನ್ ಒತ್ತಲಿಲ್ಲ. ಆಮೇಲೆ "ನನ್ ಪಾಲಿಂದೂ ತಿಂದ್ಯಾ?" ಅಂದ್ಲು, ಅಷ್ಟೇ, ಕಂಟ್ರೋಲರ್ ಚಾಪೆ ಮೇಲಿಟ್ಟು ಹೋಗಿ ಮಲಗಿದ್ಲು. ಜೂನಲ್ಲಿ ಅವಳಿಗೆ ಕಾಲೇಜ್ ಶುರುವಾಯ್ತು, ಆಮೇಲೆ ಕೆಲಸ, ಮದುವೆ. ಮತ್ತೆ ಯಾವತ್ತೂ ಆಡಲಿಲ್ಲ.

ಹಾಗಾಗಿ ಎರಡನೇದು ಮೊದಲನೇದನ್ನ ಸುಧಾರಿಸಿದೆಯಾ ಅನ್ನೋ ಪ್ರಶ್ನೆನೇ ನನಗೆ ಒಪ್ಪಿಗೆ ಇಲ್ಲ. ಸುಧಾರಣೆ ಅಂದ್ರೆ ಕಣ್ಣಿಗೆ ಕಾಣೋದು ಬೇಕಾದಷ್ಟಿದೆ, ಗಾಯ ಆದ್ರೆ ನಡಿಗೆಯಲ್ಲೇ ಗೊತ್ತಾಗುತ್ತೆ, ಒಂದು ಬಂಗಲೆ ಹೋಗಿ ಇಡೀ ಊರು ಬಂತು. ಗೇಮ್ ಮಾಡಿದ ಕಂಪನಿ ಕ್ಯಾಪ್‌ಕಾಮ್‌ನವರು ಅರ್ಧಕ್ಕಿಂತ ಹೆಚ್ಚು ಮಾಡಿ ಮುಗಿಸಿದ್ದ ಒಂದು ಆವೃತ್ತಿಯನ್ನೇ ಕಸಕ್ಕೆ ಹಾಕಿ ಹೊಸದಾಗಿ ಕಟ್ಟಿ 1998ರ ಜನವರಿಯಲ್ಲಿ ಬಿಟ್ರು, ಆ ಬಿಟ್ಟುಹೋದದ್ದರಲ್ಲಿ ಕ್ಲೇರ್ ಜಾಗದಲ್ಲಿ ಎಲ್ಜಾ ವಾಕರ್ ಅಂತ ಬೇರೆ ಹುಡುಗಿನೇ ಇದ್ಲು. ಮೊದಲನೇದರ ನಿರ್ದೇಶಕ ಶಿಂಜಿ ಮಿಕಾಮಿ, ಎರಡನೇದಕ್ಕೆ ಹಿದೆಕಿ ಕಾಮಿಯಾ. ಆದ್ರೆ ಹೆದರಿಕೆ ವಿಷಯದಲ್ಲಿ ಹೇಳ್ಬೇಕಂದ್ರೆ ಬಂಗಲೆನೇ ಜಾಸ್ತಿ, ಆ ಊಟದ ಮನೆಯ ಗಡಿಯಾರದ ಟಿಕ್ ಟಿಕ್ ಸಾಕು. ಎರಡನೇದು ಕೇಳೋದು ಬೇರೆ ವಿಷಯ. ಮೊದಲನೇದು ನೀನು ಏನು ಹೊತ್ಕೊಂಡು ಹೋಗ್ತೀಯ ಅಂತ ಕೇಳುತ್ತೆ, ಎರಡನೇದು ಹಿಂದೆ ಬರೋರಿಗೆ ಏನು ಬಿಟ್ಟು ಹೋಗ್ತೀಯ ಅಂತ. ನನ್ನ ಪ್ರಕಾರ ಅದಕ್ಕೇ ಅದು ದೊಡ್ಡ ಗೇಮು.

ನೀವು ಯೋಚಿಸ್ತಿರೋದು 2019ರ ರೀಮೇಕ್ ಇರ್ಬೇಕು. ಪುಣೆಗೆ ಬಂದ್ಮೇಲೆ ನಾನೂ ಅದನ್ನ ಮುಗಿಸಿದ್ದೀನಿ, ಹೆಗಲ ಹಿಂದಿನ ಕ್ಯಾಮೆರಾ, ಮಳೆಯಲ್ಲಿ ಒದ್ದೆಯಾದ ಜಾಕೆಟ್, ಮಿಸ್ಟರ್ ಎಕ್ಸ್‌ನ ಹೆಜ್ಜೆ ಸದ್ದು ಮೇಲಿನ ಮಹಡಿಯಿಂದ ಬರೋದು, ಎಲ್ಲಾ ಅದ್ಭುತ. ಆದ್ರೆ ಅದರಲ್ಲಿ ಒಬ್ಬರು ತಗೊಂಡಿದ್ದು ಇನ್ನೊಬ್ಬರಿಗೆ ಕಡಿಮೆ ಆಗಲ್ಲ. ಗೇಮಿನ ಪ್ರಾಣ ಇದ್ದಿದ್ದೇ ಅಲ್ಲಿ, ಅದನ್ನೇ ತೆಗೆದುಬಿಟ್ರು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಳೇ ಪಿಸಿ ಗೇಮು 2024ರಲ್ಲಿ ಗಾಗ್ (GOG) ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಮತ್ತೆ ಬಂದಿದೆ, ಅದನ್ನೇ ತಗೊಳ್ಳಿ. ಒಬ್ರೇ ಆಡ್ಬೇಡಿ, ತಮ್ಮನೋ ತಂಗಿನೋ ರೂಮ್‌ಮೇಟೋ ಯಾರಾದ್ರೂ ಕ್ಲೇರ್ ಆಗ್ಲಿ. ಚೀಲ ಅವರಿಗೆ ಬಿಡಿ, ಗನ್ನು ಬೇಕಿದ್ರೆ ನೀವಿಟ್ಕೊಳ್ಳಿ. ಮತ್ತೆ ದಯವಿಟ್ಟು ಎರಡು ಮೂರು ಸ್ಲಾಟಲ್ಲಿ ಸೇವ್ ಮಾಡಿ.

ಅಕ್ಕ ಈಗಲೂ ಡೊಂಬಿವಲಿಯಲ್ಲೇ ಇದ್ದಾಳೆ, ಬಿಲ್ ಬುಕ್ಕೂ ಅವಳ ಹತ್ರಾನೇ ಇದೆ. ಯಾವುದು ಚೆನ್ನಾಗಿತ್ತು ಅಂತ ಅವಳನ್ನ ಕೇಳಿದ್ರೆ ಮೊದಲನೇದೇ ಅಂತಾಳೆ. ಎರಡನೇದರಲ್ಲಿ ಆ ರೂಮಿಂದಾಚೆ ಏನಿದೆ ಅಂತ ಅವಳು ನೋಡೇ ಇಲ್ಲ.