ಓದುಗರ ಪ್ರಶ್ನೆ, ನಮ್ಮ ಉತ್ತರ: ಸೋರೆಬುರುಡೆಯಲ್ಲಿ ಯೆರ್ಬಾ ಮಾತೆ

ಪ್ರಶ್ನೆ: ಅರ್ಜೆಂಟೀನಾಕ್ಕೆ ಕೆಲಸದ ಮೇಲೆ ಹೋಗಿದ್ದ ತಂಗಿಯ ಮಗ ಅಲ್ಲಿನವರು ಚಹಾದಂತೆ ಕುಡಿಯುವ ಯೆರ್ಬಾ ಮಾತೆ ಎಲೆ ಅರ್ಧ ಕೆ.ಜಿ., ಕುಡಿಯುವ ಬುರುಡೆ, ಸ್ಟೀಲಿನ ಕೊಳವೆ ತಂದುಕೊಟ್ಟಿದ್ದಾನೆ. ಕುದಿಯುವ ನೀರು ಹಾಕಿ ಕಲಕಿ ಕುಡಿದರೆ ಬೇವಿನ ಕಷಾಯದಂತೆ ಕಹಿ. ನಾಲ್ಕು ಗುಟುಕಿಗೆ ಕೊಳವೆಯೂ ಕಟ್ಟಿಕೊಳ್ಳುತ್ತದೆ. ಎಲೆ ಹಳೆಯದೇ?
ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಎಲೆಯ ತಪ್ಪಲ್ಲ. ಅರ್ಜೆಂಟೀನಾದಲ್ಲಿ ಒಣಗಿಸಿದ ಎಲೆಯನ್ನು ತಿಂಗಳುಗಟ್ಟಲೆ ಮಾಗಿಸಿಯೇ ಮಾರುವುದು. ಕಹಿಗೆ ಕಾರಣ ಕುದಿಯುವ ನೀರು, ಕೊಳವೆ ಕಟ್ಟುವುದಕ್ಕೆ ಕಾರಣ ಕಲಕಿದ್ದು.

ನೀರು 70ರಿಂದ 80 ಡಿಗ್ರಿ ಸೆಲ್ಸಿಯಸ್ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಮೈಸೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುದ್ದ ನೀರು ಮೂರು ಲೋಟಕ್ಕೆ ಕೊಡದ ತಣ್ಣೀರು ಒಂದು ಲೋಟ ಬೆರೆಸಿದರೆ 80ರ ಒಳಗೆ ಬರುತ್ತದೆ. ಅದನ್ನು ಫ್ಲಾಸ್ಕಿಗೆ ಸುರಿದಿಟ್ಟುಕೊಳ್ಳಿ.

ಬುರುಡೆಯ ಮುಕ್ಕಾಲು ಭಾಗ ಎಲೆ ತುಂಬಿ. 200 ಮಿ.ಲೀ. ಬುರುಡೆಗೆ 30 ಗ್ರಾಂ ಸಾಕು, ಅಲ್ಲಿನವರು 50 ಗ್ರಾಂವರೆಗೂ ಹಾಕುತ್ತಾರೆ. ಬಾಯಿಗೆ ಅಂಗೈ ಮುಚ್ಚಿ, ತಲೆಕೆಳಗು ಮಾಡಿ ಐದಾರು ಸಲ ಕುಲುಕಿ. ನುಣುಪಾದ ಪುಡಿ ಅಂಗೈಗೆ ಹತ್ತಿಕೊಳ್ಳುತ್ತದೆ, ಅದನ್ನು ಊದಿಬಿಡಿ. ಬುರುಡೆಯನ್ನು ಹಾಗೇ ಓರೆಯಾಗಿ ಎತ್ತಿದರೆ ಎಲೆ ಒಂದು ಪಕ್ಕಕ್ಕೆ ಗುಡ್ಡೆಯಾಗಿ, ಇನ್ನೊಂದು ಪಕ್ಕ ತಗ್ಗು ಉಳಿಯುತ್ತದೆ. ಈ ಇಳಿಜಾರು ಕೆಡಬಾರದು. ತಗ್ಗಿಗೆ ಉಗುರುಬೆಚ್ಚಗಿನ ನೀರು ಸ್ವಲ್ಪ ಹಾಕಿ ಎರಡು ನಿಮಿಷ ಬಿಡಿ. ಎಲೆ ಉಬ್ಬಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಆಮೇಲೆ ಕೊಳವೆಯ, ಅಂದರೆ ಬೊಂಬಿಯಾದ, ಮೇಲ್ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ತಗ್ಗಿನ ತಳಕ್ಕೆ ಇಳಿಸಿ. ಗಾಳಿ ಒಳಗೇ ನಿಲ್ಲುವುದರಿಂದ ಪುಡಿ ಒಳಹೋಗುವುದಿಲ್ಲ. ಇನ್ನು ಅದನ್ನು ಅಲುಗಾಡಿಸಬೇಡಿ.

ಬಿಸಿನೀರನ್ನು ಕೊಳವೆಯ ಬುಡಕ್ಕೇ, ಒಂದು ಸಲಕ್ಕೆ ಮೂರು ನಾಲ್ಕು ಚಮಚದಷ್ಟು ಮಾತ್ರ ಸುರಿಯಿರಿ. ಗುಡ್ಡೆಯ ನೆತ್ತಿ ಒಣಗಿಯೇ ಇರಲಿ. ಅಲ್ಲಿನ ಎಲೆ ಸ್ವಲ್ಪ ಸ್ವಲ್ಪವೇ ನೆನೆಯುತ್ತಾ ಬರುವುದರಿಂದಲೇ ಹತ್ತನೇ ಸಲವೂ ರುಚಿ ಇರುತ್ತದೆ. ಕಲಕಿದರೆ ಮೂರೇ ಸುತ್ತಿಗೆ ಸಪ್ಪೆ. ಮೇಲೆ ಸಣ್ಣ ನೊರೆ ನಿಂತರೆ ಹದ ಸರಿಯಿದೆ ಎಂದು ತಿಳಿಯಿರಿ.

ಹಾಲು ಸಕ್ಕರೆ ಬೇಕೇ ಬೇಕು ಎನ್ನುವವರು ಬುರುಡೆ ಬಿಡಿ. ಒಂದು ಲೋಟ ನೀರಿಗೆ ಒಂದು ಚಮಚ ಎಲೆ ಹಾಕಿ ಐದು ನಿಮಿಷ ಮುಚ್ಚಿಟ್ಟು ಸೋಸಿ, ಬಿಸಿ ಹಾಲು ಬೆರೆಸಿ. ಅಲ್ಲೂ ಹೀಗೆ ಕುಡಿಯುತ್ತಾರೆ, ಅದಕ್ಕೆ ಮಾತೆ ಕೊಸಿದೊ ಎನ್ನುತ್ತಾರೆ.

ಪ್ರಶ್ನೆ: ಒಂದೇ ಕೊಳವೆಯಲ್ಲಿ ಮನೆಮಂದಿಯೆಲ್ಲ ಕುಡಿಯುತ್ತಾರಂತೆ. ಎಂಜಲಲ್ಲವೇ?
ಓದುಗರು, ಶ್ರೀರಂಗಪಟ್ಟಣ

ಉತ್ತರ: ಎಂಜಲೇ. ಅಲ್ಲಿ ಹಂಚಿ ಕುಡಿಯುವುದು ಸ್ನೇಹದ ಗುರುತು. ನೀರು ಹಾಕಿಕೊಡುವವರು ಸೆಬಾದೋರ್. ಮೊದಲ ಸುತ್ತು ತುಂಬ ಕಹಿಯಾದ್ದರಿಂದ ಅದನ್ನು ಅವರೇ ಕುಡಿಯುತ್ತಾರೆ. ಆಮೇಲೆ ಒಬ್ಬೊಬ್ಬರಿಗೂ ತುಂಬಿ ಕೊಡುವುದು, ಅವರು ಪೂರ್ತಿ ಕುಡಿದು ಬುರುಡೆ ವಾಪಸ್ ಕೊಡುವುದು. 'ಗ್ರಾಸಿಯಾಸ್' ಎಂದರೆ 'ನನಗೆ ಇನ್ನು ಸಾಕು' ಎಂದರ್ಥ. ಮೊದಲ ಸುತ್ತಿಗೇ ಧನ್ಯವಾದ ಹೇಳಿದರೆ ಮುಂದಿನ ಸುತ್ತಿನಲ್ಲಿ ನಿಮ್ಮನ್ನು ಬಿಟ್ಟುಬಿಡುತ್ತಾರೆ. 2020ರ ಕೋವಿಡ್ ಕಾಲದಲ್ಲಿ ಅಲ್ಲಿಯೂ ಬುರುಡೆ ಹಂಚಿಕೊಳ್ಳಬೇಡಿ ಎಂದು ತಿಳಿಹೇಳಿದರು. ನೆಗಡಿ, ಬಾಯಿಹುಣ್ಣು ಇದ್ದವರಿರುವ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೊಳವೆ, ಒಂದೊಂದು ಬುರುಡೆಯೇ ಸರಿ.

ಪ್ರಶ್ನೆ: ಇದರಲ್ಲಿರುವುದು ಕೆಫೀನ್ ಅಲ್ಲ, 'ಮಾತೆಯಿನ್', ಎಷ್ಟು ಕುಡಿದರೂ ನಿದ್ದೆ ಕೆಡುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ನಿಜವೇ? ನನಗೆ ರಕ್ತಹೀನತೆಯೂ ಇದೆ.
ಓದುಗರು, ಸರಸ್ವತೀಪುರಂ, ಮೈಸೂರು

ಉತ್ತರ: ನಿಜವಲ್ಲ. ಮಾತೆಯಿನ್ ಎಂದದ್ದೂ ಕೆಫೀನೇ, ಹೆಸರು ಬೇರೆ ಅಷ್ಟೆ. ಜೊತೆಗೆ ಕೋಕೋದಲ್ಲಿರುವ ಥಿಯೊಬ್ರೊಮಿನ್ ಸ್ವಲ್ಪ ಇದೆ. ಒಣ ಎಲೆಯಲ್ಲಿ ಕೆಫೀನ್ ಸುಮಾರು ಶೇ. 1 ಎಂದಿಟ್ಟುಕೊಂಡರೂ 30 ಗ್ರಾಂ ಎಲೆಯಲ್ಲಿ 300 ಮಿ.ಗ್ರಾಂ ಆಯಿತು. ಅದು ಒಮ್ಮೆಲೇ ಬರುವುದಿಲ್ಲ, ಒಂದೆರಡು ಗಂಟೆಯ ಗುಟುಕುಗಳಲ್ಲಿ ಹಂಚಿಹೋಗುತ್ತದೆ. ಹಾಗಾಗಿಯೇ ಕೆಲವರಿಗೆ ಮೃದು ಅನ್ನಿಸುವುದು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400, ಗರ್ಭಿಣಿಯರಿಗೆ 200 ಮಿ.ಗ್ರಾಂ ಮಿತಿ. ಬೆಳಿಗ್ಗೆಯ ಎರಡು ಫಿಲ್ಟರ್ ಕಾಫಿಯನ್ನೂ ಇದರೊಳಗೇ ಲೆಕ್ಕ ಹಿಡಿಯಿರಿ. ಸಂಜೆ ನಾಲ್ಕರ ಮೇಲೆ ಬೇಡ.

ರಕ್ತಹೀನತೆ ಇದ್ದರೆ ಊಟದ ಜೊತೆ ಬೇಡವೇ ಬೇಡ. ಎಲೆಯ ಪಾಲಿಫಿನಾಲ್‌ಗಳು ಮುದ್ದೆ, ಸೊಪ್ಪಿನ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಊಟಕ್ಕೂ ಮಾತೆಗೂ ಕನಿಷ್ಠ ಒಂದು ಗಂಟೆ ಅಂತರವಿರಲಿ, ಕಬ್ಬಿಣದ ಮಾತ್ರೆಗೂ ಹಾಗೆಯೇ.

ಇನ್ನೊಂದು ಮಾತು. 65 ಡಿಗ್ರಿ ಮೀರಿದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಹೇಳಿತು. ಅಷ್ಟು ಬಿಸಿಯಿಲ್ಲದ ಮಾತೆಯ ಮೇಲೆ ಅಂಥ ಆರೋಪ ಹೊರಿಸಲಿಲ್ಲ. ಲೋಟದ ಕಾಫಿಯನ್ನು ತುಟಿ ತಡೆಯುತ್ತದೆ, ಕೊಳವೆ ಮಾತ್ರ ಬಿಸಿಯನ್ನು ನೇರ ಗಂಟಲ ಹತ್ತಿರಕ್ಕೆ ಒಯ್ಯುತ್ತದೆ. ನೀರು ಹಾಕಿ ಒಂದು ನಿಮಿಷ ತಾಳಿ, ಸಣ್ಣ ಗುಟುಕು ಕುಡಿಯಿರಿ. ಕೆಲವು ಎಲೆಯನ್ನು ಸೌದೆ ಹೊಗೆಯಲ್ಲಿ ಒಣಗಿಸುತ್ತಾರೆ. ಅದರಲ್ಲಿ ಹೊಗೆಯ ಹಾನಿಕರ ಅಂಶ ಉಳಿಯುವುದರಿಂದ ಹೊಗೆಯಾಡಿಸದ ಎಲೆ ಸಿಕ್ಕರೆ ಅದನ್ನೇ ಕೊಳ್ಳಿ. ಬೇಸಿಗೆಗೆ ಪರಾಗ್ವೆಯವರ ತೆರೆರೆ ಒಳ್ಳೆಯದು: ಅದೇ ಎಲೆ, ಐಸ್ ನೀರು, ಜಜ್ಜಿದ ಪುದೀನ. 2020ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ.

ಪ್ರಶ್ನೆ: ಹಿತ್ತಲಲ್ಲಿ ಗುಂಡುಸೋರೆ ಬಿಟ್ಟಿದೆ. ಆ ಬುರುಡೆ ಆಗುತ್ತದೆಯೇ? ಗಿಡವನ್ನೂ ಬೆಳೆಯಬಹುದೇ?
ಓದುಗರು, ಮದ್ದೂರು, ಮಂಡ್ಯ ಜಿಲ್ಲೆ

ಉತ್ತರ: ಗಿಡದ ಆಸೆ ಬಿಡಿ. ಅದಕ್ಕೆ ವರ್ಷವಿಡೀ ಹಂಚಿ ಸುರಿಯುವ, 1500 ಮಿ.ಮೀ. ಆಸುಪಾಸಿನ ಮಳೆ ಬೇಕು. ಮಂಡ್ಯದ್ದು ಅದರ ಅರ್ಧದಷ್ಟು.

ಬುರುಡೆ ಮಾತ್ರ ಖಂಡಿತ ಆಗುತ್ತದೆ. ಅವರದ್ದೂ ನಮ್ಮದೇ ಸೋರೆ ಜಾತಿ, 'ಮಾತೆ' ಎಂಬ ಹೆಸರೇ ಕೆಚುವಾ ಭಾಷೆಯಲ್ಲಿ ಸೋರೆಬುರುಡೆಗೆ ಹೇಳುವ 'ಮಾತಿ'ಯಿಂದ ಬಂದದ್ದು. ಕಾಯಿ ಬಳ್ಳಿಯಲ್ಲೇ ಬಲಿತು, ತೊಟ್ಟು ಒಣಗಿದ ಮೇಲೆ ಕೊಯ್ದು, ಬೀಜ ಗಲಗಲ ಎನ್ನುವವರೆಗೂ ನೆರಳಲ್ಲಿ ಒಣಗಿಸಿ. ಬಾಯಿ ಕೊಯ್ದು ತಿರುಳು ಕೆರೆದು, ಕುದಿಯುವ ನೀರು ತುಂಬಿ ಹತ್ತು ನಿಮಿಷ ಬಿಡಿ. ಆರಿದ ಮೇಲೆ ಆ ನೀರನ್ನು ನಾಲಿಗೆಯ ತುದಿಗಷ್ಟೇ ಮುಟ್ಟಿಸಿ ಉಗಿಯಿರಿ. ಕಹಿಯಿದ್ದರೆ ಬುರುಡೆ ಎಸೆಯಿರಿ, ತೊಳೆದು ಬಳಸಲು ಹೋಗಬೇಡಿ: ಕಹಿಸೋರೆಯ ಕುಕುರ್ಬಿಟಾಸಿನ್ ವಿಷ, ವಾಂತಿಭೇದಿ ಹಿಡಿಸುತ್ತದೆ. ಕಹಿಯಿಲ್ಲದಿದ್ದರೆ ನೆನೆಸಿದ ಮಾತೆ ಎಲೆ ತುಂಬಿ ಒಂದು ದಿನ ಬಿಟ್ಟು, ಮೆತ್ತಗಾದ ಒಳಪೊರೆಯನ್ನು ಚಮಚದಲ್ಲಿ ಕೆರೆಯಿರಿ. ಇದನ್ನು ಎರಡು ಮೂರು ಸಲ ಮಾಡಬೇಕು. ತೊಟ್ಟಿನ ಬುಡವನ್ನು ಒಳಗಿನಿಂದ ಕೀಳಬೇಡಿ, ಸೋರುತ್ತದೆ. ದಿನವೂ ಕುಡಿದ ಕೂಡಲೇ ಎಲೆ ತೆಗೆದು, ಸೋಪಿಲ್ಲದೆ ತೊಳೆದು, ಗಾಳಿ ಆಡುವಂತೆ ಓರೆಯಾಗಿ ಒರಗಿಸಿಡಿ. ಮಳೆಗಾಲದಲ್ಲಿ ಒಂದೇ ರಾತ್ರಿಗೆ ಬೂಷ್ಟು ಹಿಡಿಯುತ್ತದೆ.