ಹನ್ನೊಂದು ಜನರ ಪ್ರಾರ್ಥನೆ, ಇಡೀ ಊರಿನ ಚಾವಣಿ

ಸಂಪಾದಕರ ಉತ್ತರ

ಶಿರಸಿಯ ಓದುಗರೊಬ್ಬರು, ನಿವೃತ್ತ ಶಿಕ್ಷಕಿ, ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಮಗಳು ಇಂಗ್ಲೆಂಡಿನ ಹೆರೆಫರ್ಡ್‌ಶೈರಿನ ಒಂದು ಹಳ್ಳಿಯಲ್ಲಿ ವೈದ್ಯೆ. ಇವರು ಅಲ್ಲಿ ಐದು ತಿಂಗಳು ಇದ್ದು ಬಂದಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

"ಮಗಳ ಮನೆಯ ಎದುರಿಗೇ ಎಂಟುನೂರು ವರ್ಷದ ಹಳೆಯ ಚರ್ಚು. ಒಂದು ಭಾನುವಾರ ಕುತೂಹಲಕ್ಕೆ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ನನ್ನನ್ನು ಬಿಟ್ಟರೆ ಹನ್ನೊಂದು ಜನ, ಎಲ್ಲರೂ ನನ್ನ ವಯಸ್ಸಿನವರು. ಗೋಪುರದಲ್ಲಿ ಅರ್ಧ ತಾಸು ಗಂಟೆ ಬಾರಿಸಿದ ಆರು ಜನ ಪ್ರಾರ್ಥನೆ ಶುರುವಾಗುವ ಹೊತ್ತಿಗೆ ಇಳಿದು ಹೊರಟೇಹೋದರು! ಆದರೆ ಅದೇ ಚರ್ಚಿನ ಚಾವಣಿಗೆಂದು ಕೇಕು, ಜಾಮು, ಹಳೆ ಸಾಮಾನಿನ ಮಾರಾಟ ಇಟ್ಟ ಶನಿವಾರ ಊರಿಗೆ ಊರೇ ಬಂತು. 'ನನಗೆ ದೇವರಲ್ಲಿ ನಂಬಿಕೆ ಇಲ್ಲ' ಎಂದು ನನ್ನೆದುರು ಹೇಳಿದ್ದ ಗೃಹಸ್ಥರೇ ಇಡೀ ದಿನ ನಿಂತು ಕಾರುಗಳಿಗೆ ಜಾಗ ತೋರಿಸುತ್ತಿದ್ದರು. ನಾನು ಮಾಡಿದ್ದ ಕೋಡುಬಳೆಯನ್ನೂ ಇಡೋಣವೆಂದುಕೊಂಡವಳು ಸಂಕೋಚದಿಂದ ಸುಮ್ಮನಾದೆ. ಪ್ಯಾರಿಷ್ ಕೌನ್ಸಿಲ್ ಸಭೆಗೆ ಹೋದರೆ ಅಲ್ಲಿ ದೇವರ ಹೆಸರೇ ಇಲ್ಲ, ಬೀದಿದೀಪದ ಮತ್ತು ನಾಯಿಗಳ ಹೇಸಿಗೆಯ ಚರ್ಚೆ. ಪಾದ್ರಿ ಹೆಂಗಸು, ಬಹಳ ಒಳ್ಳೆಯವರು, ಆದರೆ ಏಳು ಚರ್ಚಿಗೆ ಒಬ್ಬರೇ. ಈಗ ಚರ್ಚಿನಲ್ಲಿ ಹೂ ಇಡುವವರ ಸರದಿ ಪಟ್ಟಿಗೆ ಮಗಳ ಹೆಸರು ಸೇರಿಸಲೇ ಎಂದು ಕೇಳಿದ್ದಾರೆ. ನಾವು ಬೇರೆ ಧರ್ಮದವರು. ಅವಳಿಗೆ ಏನು ಹೇಳಲಿ? ನಂಬದವರ ಈ ಓಡಾಟವೆಲ್ಲ ಸೋಗೇ?"

ಸೋಗಲ್ಲ, ಮೇಡಂ. 'ಪ್ಯಾರಿಷ್' ಎಂಬ ಶಬ್ದಕ್ಕೆ ಭಕ್ತರ ಸಮೂಹ ಎಂದು ಅರ್ಥ ಹಚ್ಚಿಕೊಂಡದ್ದರಿಂದ ನಿಮಗೆ ಈ ಗೊಂದಲ. ಇಂಗ್ಲೆಂಡಿನ ಹಳ್ಳಿಯಲ್ಲಿ ಪ್ಯಾರಿಷ್ ಎಂದರೆ ಮೊದಲು ನೆಲ, ಒಂದು ಸರಹದ್ದು. ಆ ಸರಹದ್ದಿನೊಳಗೆ ಒಲೆ ಹಚ್ಚುವವರೆಲ್ಲ ಆ ಚರ್ಚಿನ ಒಕ್ಕಲು, ನಂಬಲಿ ಬಿಡಲಿ. ಇದು ನನ್ನ ಅಲಂಕಾರದ ಮಾತಲ್ಲ, ಕಾನೂನು. ಅಲ್ಲಿ ವಾಸವಿರುವ ಹುಡುಗ ಹುಡುಗಿ ಎಂದೂ ಚರ್ಚಿಗೆ ಕಾಲಿಡದಿದ್ದರೂ ಅಲ್ಲೇ ಮದುವೆಯಾಗುವ ಹಕ್ಕುಳ್ಳವರು. ಮೂರು ಭಾನುವಾರ ಅವರ ಹೆಸರನ್ನು ಗಟ್ಟಿಯಾಗಿ ಓದಿ, ಆಕ್ಷೇಪಣೆ ಇದ್ದವರು ಹೇಳಬಹುದೆಂದು ಸಾರಲಾಗುತ್ತದೆ. ಸತ್ತರೆ ಚರ್ಚಿನ ಅಂಗಳದಲ್ಲಿ ಜಾಗವಿರುವ ತನಕ ಹೂಳಿಸಿಕೊಳ್ಳುವ ಹಕ್ಕೂ ಇದೆ. ನಿಮ್ಮ ಮಗಳಿಗೂ ಇದೆ, ಅವರು ಬಯಸುವುದಿಲ್ಲವೆಂಬುದು ಬೇರೆ ಮಾತು.

ಈ ಗೆರೆಯನ್ನು ಜನ ಹೇಗೆ ನೆನಪಿಟ್ಟುಕೊಂಡರೆಂಬುದೇ ಒಂದು ಕಥೆ. ನಕಾಶೆಗಳಿಲ್ಲದ ಕಾಲದಲ್ಲಿ, ಈಸ್ಟರ್ ಕಳೆದು ಐದನೆಯ ವಾರದ ರೊಗೇಷನ್ ಎಂಬ ಪ್ರಾರ್ಥನೆಯ ದಿನಗಳಲ್ಲಿ, ಪಾದ್ರಿಯನ್ನು ಮುಂದಿಟ್ಟುಕೊಂಡು ಊರವರು ಎಲ್ಲೆಯ ಉದ್ದಕ್ಕೂ ನಡೆಯುತ್ತಿದ್ದರು. ಕೈಯಲ್ಲಿ ವಿಲೋ ಮರದ ಕೋಲು. ಗಡಿಕಲ್ಲು, ಗಡಿಮರ ಸಿಕ್ಕಲ್ಲೆಲ್ಲ ಅದಕ್ಕೆ ಬಡಿಯುವುದು. ಜೊತೆಗೆ ಬಂದ ಹುಡುಗರಿಗೂ ಅಲ್ಲೇ ಏಟು, ಇಲ್ಲವೇ ತಲೆಕೆಳಗು ಹಿಡಿದು ಕಲ್ಲಿಗೆ ಮುಟ್ಟಿಸುವುದು. ಐವತ್ತು ವರ್ಷ ಕಳೆದು ಗಡಿ ವ್ಯಾಜ್ಯ ಬಂದಾಗ "ನನಗೆ ಏಟು ಬಿದ್ದದ್ದು ಈ ಕಲ್ಲಿನ ಹತ್ತಿರವೇ" ಎಂದು ಸಾಕ್ಷಿ ಹೇಳಲು ಒಬ್ಬನಾದರೂ ಮುದುಕ ಬೇಕಲ್ಲ! ಈಗಲೂ ಕೆಲವು ಊರುಗಳಲ್ಲಿ ಈ ನಡಿಗೆ ಇದೆ, ಏಟಿಲ್ಲ. ಕೊನೆಯಲ್ಲಿ ಚಹಾ ಇದೆ.

ಈ ಗೆರೆಯನ್ನು ನಾನು ಹಾಡಿ ಹೊಗಳುತ್ತಿಲ್ಲ. 1601ರ ಕಾನೂನು ಬಡವರನ್ನು ಸಾಕುವ ಹೊಣೆಯನ್ನು ಪ್ಯಾರಿಷ್‌ಗೆ ಹಾಕಿತು. ಸರಿ, ಒಳ್ಳೆಯದೇ. 1662ರಲ್ಲಿ ಬಂದ ಇನ್ನೊಂದು ಕಾನೂನು, ಹೊರೆಯಾಗಬಹುದಾದ ಪರ ಊರಿನವರನ್ನು ಅವರವರ ಪ್ಯಾರಿಷ್‌ಗೆ ಅಟ್ಟಲು ದಾರಿ ಮಾಡಿಕೊಟ್ಟಿತು. ಮದುವೆಯಾಗದ ಬಸುರಿಯನ್ನು ಹೆರಿಗೆಗೆ ಮುಂಚೆ ಎಲ್ಲೆಯಾಚೆ ಸಾಗಿಸುತ್ತಿದ್ದರು. ಮಗು ಇಲ್ಲಿ ಹುಟ್ಟಿದರೆ ಇಲ್ಲಿಯ ಲೆಕ್ಕಕ್ಕೆ ಬರುತ್ತಿತ್ತು. ಹಾಗೆ ಸಾಗಿಸಿದ ಖರ್ಚನ್ನು ಊರಿನ ಪುಸ್ತಕದಲ್ಲಿ ಶಿಲ್ಲಿಂಗು ಪೆನ್ನಿಗಳಲ್ಲಿ ಬರೆದಿಟ್ಟಿದ್ದಾರೆ, ನಾಚಿಕೆಯಿಲ್ಲದೆ.

ಅದೇ ಗೆರೆ ಡರ್ಬಿಶೈರಿನ ಈಮ್ ಎಂಬ ಹಳ್ಳಿಯಲ್ಲಿ ಬೇರೆಯೇ ಕೆಲಸ ಮಾಡಿತು. 1665ರಲ್ಲಿ ಲಂಡನ್ನಿನಿಂದ ದರ್ಜಿಯೊಬ್ಬನಿಗೆ ಬಂದ ಬಟ್ಟೆಯ ಗಂಟಿನೊಂದಿಗೆ ಪ್ಲೇಗು ಬಂತೆನ್ನುತ್ತಾರೆ. ಮರುವರ್ಷ ಪಾದ್ರಿ ವಿಲಿಯಂ ಮೊಂಪೆಸನ್ ಊರವರನ್ನು ಒಪ್ಪಿಸಿ, ಯಾರೂ ಎಲ್ಲೆ ದಾಟಬಾರದೆಂದು ಕಟ್ಟು ಮಾಡಿದರು. ಸುತ್ತಲಿನ ಊರಿನವರು ಆಹಾರ ತಂದು ಗಡಿಯಲ್ಲಿ ಇಡುತ್ತಿದ್ದರು. ಈಮಿನವರು ಗಡಿಕಲ್ಲಿನ ಗುಳಿಗಳಲ್ಲಿ ವಿನೆಗರ್ ಹುಯ್ದು ಅದರಲ್ಲಿ ದುಡ್ಡು ಇಡುತ್ತಿದ್ದರು. ಆ ಗುಳಿಗಳ ಅಂಚು ಈಗ ಬೆರಳು ಆಡಿಸಿ ಆಡಿಸಿ ನುಣುಪಾಗಿದೆ. ಮೊಂಪೆಸನ್ನರ ಹೆಂಡತಿಯೂ ಆ ಆಗಸ್ಟಿನಲ್ಲಿ ತೀರಿಕೊಂಡರು.

ನಿಮ್ಮ ಬೀದಿದೀಪದ ಸಭೆಗೆ ಬರುತ್ತೇನೆ. 1894ರ ಕಾನೂನು ಹಳ್ಳಿಯ ಆಡಳಿತವನ್ನು ಚರ್ಚಿನಿಂದ ಬೇರ್ಪಡಿಸಿತು. ಆದರೆ ಹೆಸರನ್ನು ಇಬ್ಬರೂ ಇಟ್ಟುಕೊಂಡರು. ನೀವು ಹೋದದ್ದು ಪ್ಯಾರಿಷ್ ಕೌನ್ಸಿಲ್, ಅಂದರೆ ನಮ್ಮ ಗ್ರಾಮ ಪಂಚಾಯಿತಿಯ ಚಿಕ್ಕಮ್ಮ. ಚರ್ಚಿನದು ಪರೋಕಿಯಲ್ ಚರ್ಚ್ ಕೌನ್ಸಿಲ್, ಪಿಸಿಸಿ ಎನ್ನುತ್ತಾರೆ. ಅಲ್ಲಿಗೆ ಹೋಗಿದ್ದರೂ ದೇವರ ಮಾತು ಹೆಚ್ಚೇನೂ ಸಿಗುತ್ತಿರಲಿಲ್ಲ. ಆರಂಭದ ಪ್ರಾರ್ಥನೆ ಮುಗಿದರೆ ಮುಂದೆಲ್ಲ ಮಳೆನೀರಿನ ದೋಣಿ, ಚಾವಣಿಯಿಂದ ಕಳುವಾದ ಸೀಸದ ತಗಡು ಮತ್ತು 'ಫ್ಯಾಬ್ರಿಕ್ ಫಂಡ್'. ನಾನು ಮೊದಲು ಈ ಮಾತು ಕೇಳಿದಾಗ ಅದು ಪರದೆ, ಮೇಜುಬಟ್ಟೆಯ ಖರ್ಚೆಂದುಕೊಂಡಿದ್ದೆ. ಫ್ಯಾಬ್ರಿಕ್ ಎಂದರೆ ಅಲ್ಲಿ ಗೋಡೆ, ಗೋಪುರ, ಚಾವಣಿ.

ಇನ್ನು ದುಡ್ಡು. "ರಾಜನೇ ಮುಖ್ಯಸ್ಥನಾಗಿರುವ ಚರ್ಚಿಗೆ ಮುಜರಾಯಿಯ ತಸ್ತೀಕಿನಂತೆ ಏನೂ ಬರುವುದಿಲ್ಲವೇ?" ಎಂದು ಮೂರನೆಯ ಪುಟದ ಅಂಚಿನಲ್ಲಿ ಬರೆದಿದ್ದೀರಿ. ಇಲ್ಲ. ಪಾದ್ರಿಯ ಸಂಬಳ ಸರ್ಕಾರ ಕೊಡುವುದಿಲ್ಲ, ಚಾವಣಿಯನ್ನೂ ಅದು ಹಾಕಿಸಿಕೊಡುವುದಿಲ್ಲ. ಒಂದು ಕಾಲದಲ್ಲಿ ಊರಿನ ಪ್ರತಿ ಮನೆಯೂ ಚರ್ಚಿನ ತೆರಿಗೆ ಕಟ್ಟಬೇಕಿತ್ತು. ಆ ಚರ್ಚನ್ನು ಒಪ್ಪದ ಕ್ವೇಕರರೂ ಬ್ಯಾಪ್ಟಿಸ್ಟರೂ ಕಟ್ಟಬೇಕಿತ್ತು, ಕಟ್ಟದೆ ಜೈಲು ಕಂಡವರೂ ಇದ್ದಾರೆ. 1868ರಲ್ಲಿ ಆ ಕಡ್ಡಾಯ ಹೋಯಿತು. ಕಡ್ಡಾಯ ಹೋದ ಜಾಗಕ್ಕೆ ಬಂದದ್ದೇ ನೀವು ಕಂಡ ಕೇಕು. ಇಂಗ್ಲೆಂಡಿನ ಚರ್ಚಿಗೆ ಸುಮಾರು 16,000 ಕಟ್ಟಡಗಳಿವೆ. ದೇಶದ ಅತ್ಯುನ್ನತ ದರ್ಜೆಯ ಸಂರಕ್ಷಿತ ಕಟ್ಟಡಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇವೇ. ಇವುಗಳ ಭಾರ ಮುಕ್ಕಾಲುಪಾಲು ನಿಂತಿರುವುದು ಕೇಕು, ಜಾಮು ಮಾರುವ ಇಂಥ ಮೇಜುಗಳ ಮೇಲೆ. ರಿಪೇರಿಗೆ ಕಟ್ಟಿದ ವ್ಯಾಟ್ ತೆರಿಗೆಯನ್ನು ಹಿಂತಿರುಗಿಸುವ ಸರ್ಕಾರಿ ಯೋಜನೆಯೊಂದು 2001ರಿಂದ ಇತ್ತು. 2025ರಲ್ಲಿ ಅದಕ್ಕೂ ವರ್ಷಕ್ಕೆ ಒಂದು ಕಟ್ಟಡಕ್ಕೆ 25,000 ಪೌಂಡಿನ ಮಿತಿ ಬಿತ್ತು. ಹಳೆಯ ಚಾವಣಿಗೆ ಅದು ಎಲ್ಲಿಗೆ ಸಾಕಾಗುತ್ತಿತ್ತು?

ಹಳೆಯ ಬಾಧ್ಯತೆಗಳು ಪೂರ್ತಿ ಸತ್ತವೆಂದೂ ತಿಳಿಯಬೇಡಿ. ಹಿಂದೆ ಜನ ಕೂರುವ ಭಾಗದ ರಿಪೇರಿ ಊರವರ ಪಾಲಿಗೆ, ಪೀಠವಿರುವ ಭಾಗದ ರಿಪೇರಿ ದಶಮಾಂಶ, ಅಂದರೆ ಊರಿನ ಬೆಳೆಯಲ್ಲಿ ಹತ್ತನೆಯ ಒಂದು ಪಾಲು, ತಿನ್ನುವವನ ಪಾಲಿಗೆ ಎಂದು ಹಂಚಿಕೆಯಿತ್ತು. ನವರಂಗ ಊರಿನದು, ಗರ್ಭಗುಡಿ ಇನಾಮುದಾರನದು ಎಂದಂತೆ. ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೊ ಎಂಬ ಹಳ್ಳಿಯಲ್ಲಿ 1743ರಲ್ಲಿ ದಶಮಾಂಶದ ಬದಲಿಗೆ ಕೊಟ್ಟ ಹೊಲಕ್ಕೆ ಈ ಹೊಣೆ ಅಂಟಿಕೊಂಡಿತ್ತು. ಆ ಹೊಲ ಪಿತ್ರಾರ್ಜಿತವಾಗಿ ಬಂದ ದಂಪತಿಗೆ 1994ರಲ್ಲಿ ಚರ್ಚಿನ ಮಂಡಳಿ ಸುಮಾರು 95,000 ಪೌಂಡ್ ಕೊಡಿರೆಂದು ನೋಟಿಸು ಕೊಟ್ಟಿತು. ಮೊಕದ್ದಮೆ 2003ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ದಂಪತಿ ಸೋತರು, ಕೊನೆಗೆ ಆಸ್ತಿಯನ್ನೇ ಮಾರಬೇಕಾಯಿತು. ದೇಶದಾದ್ಯಂತ ಮನೆ ಕೊಳ್ಳುವವರು ಹೆದರಿದರು. 2013ರ ಅಕ್ಟೋಬರಿನ ಒಳಗೆ ನೋಂದಾಯಿಸದ ಇಂಥ ಹೊಣೆ, ಅಲ್ಲಿಂದ ಮುಂದೆ ಆಸ್ತಿ ಕೊಂಡವರಿಗೆ ತಗಲುವುದಿಲ್ಲವೆಂದು ಆದ ಮೇಲೆ ಸ್ವಲ್ಪ ಉಸಿರು ಬಂತು. ಕಾನೂನಿನಂತೆ ಮಂಡಳಿ ಮಾಡಿದ್ದು ಸರಿ. ಆದರೆ ನೆರೆಯವನ ಹೊಲ ಮಾರಿಸಿ ಬಂದ ದುಡ್ಡಿನ ಚಾವಣಿಯ ಕೆಳಗೆ ಕುಳಿತು ನೆರೆಯವನನ್ನು ಪ್ರೀತಿಸು ಎಂಬ ಪಾಠ ಕೇಳುವುದು ಹೇಗೋ, ನನಗೆ ತಿಳಿಯದು.

ಗಂಟೆಯವರ ವಿಷಯ. ಅವರು ಎದ್ದು ಹೋದದ್ದಕ್ಕೆ ಬೇಸರ ಬೇಡ, ಅದು ತಲೆತಲಾಂತರದ ದೂರು. ಅವರಲ್ಲಿ ಹಲವರಿಗೆ ಗಂಟೆಯೇ ವ್ರತ. "ರಾಗವೇ ಇರಲಿಲ್ಲ" ಎಂದಿದ್ದೀರಿ. ನಿಜ, ಅದು ರಾಗವಲ್ಲ, ಪ್ರಸ್ತಾರ, ಅಂದರೆ ಕ್ರಮ ಬದಲಿಸುತ್ತ ಹೋಗುವುದು. ಆರು ಗಂಟೆಗಳನ್ನು ಒಂದು ಕ್ರಮ ಇನ್ನೊಮ್ಮೆ ಬಾರದಂತೆ 720 ಬಗೆಯಲ್ಲಿ ಬಾರಿಸಬಹುದು. ಏಳಾದರೆ 5,040, ಅದಕ್ಕೆ ಮೂರು ತಾಸು ಬೇಕು. ಏಳು ಸ್ವರಗಳ ಕೂಟತಾನಗಳಿಗೆ ನಮ್ಮ ಸಂಗೀತಶಾಸ್ತ್ರ ಕೊಡುವ ಲೆಕ್ಕವೂ ಅದೇ 5,040 ಎಂಬುದನ್ನು ಕಂಡು ನಾನೊಬ್ಬನೇ ಕುಳಿತು ನಕ್ಕಿದ್ದೇನೆ. 1963ರಲ್ಲಿ ಲಫ್‌ಬರೋದಲ್ಲಿ ಎಂಟು ಗಂಟೆಗಳ 40,320 ಕ್ರಮಗಳನ್ನೂ ಎಂಟು ಜನ ಬಿಡುವಿಲ್ಲದೆ ಬಾರಿಸಿ ಮುಗಿಸಿದರು, ಹೆಚ್ಚುಕಡಿಮೆ ಹದಿನೆಂಟು ತಾಸು.

ಆದರೆ ನನ್ನ ನೆನಪಿನಲ್ಲಿ ಉಳಿದಿರುವುದು ಗಂಟೆಯಲ್ಲ, ಬಾವಲಿ. ಕೆಲವು ವರ್ಷಗಳ ಹಿಂದೆ ನಿಮ್ಮ ಮಗಳ ಪಕ್ಕದ ಜಿಲ್ಲೆಯಾದ ಶ್ರಾಪ್‌ಶೈರಿನಲ್ಲಿ ಗೆಳೆಯನ ಮನೆಯಲ್ಲಿ ಮೂರು ವಾರ ಇದ್ದೆ. ಆ ಊರಿನ ಚರ್ಚ್‌ವಾರ್ಡನ್, ಅಂದರೆ ಚರ್ಚನ್ನು ನೋಡಿಕೊಳ್ಳಲು ಊರು ಆರಿಸಿದವರು, ಎಂಬತ್ತರ ಹತ್ತಿರದ ಒಬ್ಬ ಮುದುಕಿ. ಶನಿವಾರ ಬೆಳಗ್ಗೆ ಮೊಳಕೈ ಉದ್ದದ ಕಬ್ಬಿಣದ ಬೀಗದಕೈ ಹಿಡಿದು ಬರುವರು. ಮೊದಲು ಗೋಪುರದ ಕೆಳಗಿಟ್ಟ ಬಕೆಟಿನಲ್ಲಿ ಎಷ್ಟು ನೀರು ಬಿದ್ದಿದೆ ಎಂದು ನೋಡಿ, ಅಂಗಳದ ಯೂ ಮರದ ಬುಡಕ್ಕೆ ಚೆಲ್ಲುವರು. ಆಮೇಲೆ ಪೀಠದ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಮೂಲೆ ಕೂಡಿಸಿ, ನಡುವಿನಲ್ಲಿ ಸೇರಿದ ಬಾವಲಿ ಹಿಕ್ಕೆ ಉದುರದಂತೆ, ಮಗುವನ್ನು ಎತ್ತಿದ ಹಾಗೆ ಎತ್ತಿ ಹೊರಗೆ ಒಯ್ಯುವರು. ಬಾವಲಿಗಳಿಗೆ 1981ರ ಕಾನೂನಿನ ರಕ್ಷಣೆ ಇದೆ, ಓಡಿಸುವಂತಿಲ್ಲ. ಹಳೆಯ ಬೆಂಚು ತೆಗೆಯಬೇಕೆಂದರೂ ಡಯಾಸಿಸ್‌ನ, ಅಂದರೆ ಬಿಷಪ್ಪರ ಆಡಳಿತದ ಪ್ರಾಂತದ, ನ್ಯಾಯಾಧೀಶರ ಅಪ್ಪಣೆ ಬೇಕು. ಪುಸ್ತಕ ಬರೆಯುವುದು, ಬೀಗ ಹಾಕುವುದು, ಗೋರಿಗಳ ನಡುವಿನ ಹುಲ್ಲು ಕತ್ತರಿಸಲು ಯಾರದೋ ಮೊಮ್ಮಗನನ್ನು ಕಾಡಿ ಬೇಡಿ ಕರೆತರುವುದು, ಎಲ್ಲ ಅವರೇ. ಅವರ ನಂತರ ಯಾರು ಎಂದು ಕೇಳಿದೆ. "ಅದನ್ನು ನನ್ನ ಅತ್ತೆಯ ಕಾಲದಲ್ಲೂ ಕೇಳುತ್ತಿದ್ದರು" ಎಂದರು. ಮಾತು ಚೆನ್ನಾಗಿತ್ತು, ಆದರೆ ಉತ್ತರವಾಗಿರಲಿಲ್ಲ.

ಏಳು ಚರ್ಚಿಗೆ ಒಬ್ಬ ಪಾದ್ರಿ ಎಂಬುದು ಈಗ ಹಳ್ಳಿಗಾಡಿನಲ್ಲಿ ವಿಶೇಷವಲ್ಲ. ಪ್ರತಿ ಪ್ಯಾರಿಷ್ 'ಪ್ಯಾರಿಷ್ ಷೇರ್' ಎಂಬ ವಂತಿಗೆಯನ್ನು ಡಯಾಸಿಸ್‌ಗೆ ಕಟ್ಟುತ್ತದೆ, ಪಾದ್ರಿಗಳ ಸಂಬಳಕ್ಕೆ ಅದು ಮುಖ್ಯ ಆಧಾರ. ಹನ್ನೊಂದು ಜನ ಎಷ್ಟು ಕಟ್ಟಿಯಾರು? ಇತ್ತ ಚರ್ಚ್ ಕಮಿಷನರ್ಸ್ ಎಂಬ ಕೇಂದ್ರ ನಿಧಿಯಲ್ಲಿ 1,000 ಕೋಟಿ ಪೌಂಡಿಗೂ ಹೆಚ್ಚಿದೆ. ಅದು ಹಳ್ಳಿಗೆ ಹರಿಯಲಿ ಎಂದು 2021ರಲ್ಲಿ 'ಸೇವ್ ದಿ ಪ್ಯಾರಿಷ್' ಎಂಬ ಚಳವಳಿಯೇ ಹುಟ್ಟಿತು. ಅವರ ವಾದದಲ್ಲಿ ಹುರುಳಿದೆ ಎಂದು ನನ್ನ ಎಣಿಕೆ. ಪಾದ್ರಿಯನ್ನು ತೆಗೆದರೆ ಜನ ಕಡಿಮೆಯಾಗುತ್ತಾರೆ, ಜನ ಕಡಿಮೆಯಾದರೆ ವಂತಿಗೆ, ವಂತಿಗೆ ಕಡಿಮೆಯಾದರೆ ಮತ್ತೆ ಪಾದ್ರಿ.

ಈಗ ನಿಮ್ಮ ಮಗಳು. ಪತ್ರದಲ್ಲಿ ಅವರು ಇನ್ನೂ ಭಾರತದ ಪ್ರಜೆ ಎಂದಿದ್ದೀರಿ. ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿ ಅಲ್ಲಿ ನೆಲೆಸಿರುವುದರಿಂದ ಸ್ಥಳೀಯ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಇರಬಹುದು, ಇರಬೇಕು. ಹಾಗಿದ್ದರೆ ಪ್ರತಿವರ್ಷ ಮೇ ಮುಗಿಯುವುದರೊಳಗೆ ನಡೆಯುವ ಊರವರ ಸಭೆಯಲ್ಲಿ ಚರ್ಚ್‌ವಾರ್ಡನ್ನರನ್ನು ಆರಿಸಲು ಅವರು ಕೈ ಎತ್ತಬಹುದು! ಪಿಸಿಸಿಗೆ ಆರಿಸುವ ಪಟ್ಟಿ ಬೇರೆ, ಅದಕ್ಕೆ ಬ್ಯಾಪ್ಟಿಸಂ ಆಗಿರಬೇಕು. ವಾರ್ಡನ್ ಮಾತ್ರ ಊರಿನ ಆಳು, ಊರು ಆರಿಸುತ್ತದೆ. ಅಲ್ಲಿ ವಾರ್ಡನ್ನರನ್ನು ಆರಿಸಲು ಅಡ್ಡಿಯಾಗದ ಧರ್ಮ, ಹೂದಾನಿಯಲ್ಲಿ ನಾಲ್ಕು ಹೂ ಇಡಲು ಏಕೆ ಅಡ್ಡಿಯಾಗಬೇಕು?

ಹೆಸರು ಬರೆಸಲಿ. ಒಂದೆರಡು ಕಿವಿಮಾತು ಮಾತ್ರ. ಈಸ್ಟರಿನ ಲಿಲ್ಲಿ ಹೂವುಗಳ ಗೊಡವೆ ಬೇಡ, ಅದು ಹಳಬರ ಆಸ್ತಿ. ಈಸ್ಟರಿಗೆ ಮುಂಚಿನ ಲೆಂಟ್ ಅವಧಿಯಲ್ಲಿ ಸಾಮಾನ್ಯವಾಗಿ ಹೂವನ್ನೇ ಇಡುವುದಿಲ್ಲ, ಆಗಿನ ವಾರಕ್ಕೆ ಹೆಸರು ಕೊಟ್ಟರೆ ಜನ ಮೈಗಳ್ಳತನ ಕಂಡುಹಿಡಿದಾರು. ಸೆಪ್ಟೆಂಬರ್ ಕೊನೆಯ ಸುಗ್ಗಿ ಹಬ್ಬ ವಾಸಿ. 1843ರಲ್ಲಿ ಕಾರ್ನ್‌ವಾಲಿನ ಮಾರ್ವೆನ್‌ಸ್ಟೋ ಎಂಬ ಕಡಲ ದಂಡೆಯ ಪ್ಯಾರಿಷ್‌ನಲ್ಲಿ ರಾಬರ್ಟ್ ಹಾಕರ್ ಎಂಬ ಪಾದ್ರಿ ಆರಂಭಿಸಿದ ಪದ್ಧತಿ ಅದು. ಸೇಬು, ಕುಂಬಳ, ಗೋಧಿಯ ಸಿವುಡಿನ ಆಕಾರದ ಬ್ರೆಡ್ಡು, ತೋಟದಲ್ಲಿ ಬೆಳೆದ ಏನನ್ನಾದರೂ ಕಿಟಕಿ ಕಟ್ಟೆಯ ಮೇಲೆ ಜೋಡಿಸಬಹುದು. ಆ ವಾರ ಸಾಮಾನ್ಯವಾಗಿ ಊರೂಟವೂ ಇರುತ್ತದೆ, ಮನೆಗೊಂದು ತಿಂಡಿ ತರುತ್ತಾರೆ.

ನೀವು ಮುಂದಿನ ವರ್ಷ ಹೋಗುವುದಾದರೆ ಆ ಹೊತ್ತಿಗೇ ಹೋಗಿ. ಕೋಡುಬಳೆಗೆ ಖಾರ ಅರ್ಧ ಹಾಕಿ.