ನಾಲಿಗೆಯ ಅಂಚಿನ ಮಾಯದ ಹುಣ್ಣು, ದವಡೆಯ ಕೆಳಗಿನ ಗಂಟು

ಬಹುಕಾಲದಿಂದ ತಂಬಾಕು ಜಗಿಯುತ್ತಿರುವ ನಿಮ್ಮ ತಂದೆಯವರ ನಾಲಿಗೆಯ ಅಂಚಿನ ಹುಣ್ಣು 5 ವಾರವಾದರೂ ಮಾಯದೆ, ದವಡೆಯ ಕೆಳಗೆ ನೋವಿಲ್ಲದ ಗಟ್ಟಿ ಗಂಟೂ ಕಾಣಿಸಿಕೊಂಡಿದೆ ಎಂದ ಮೇಲೆ, ಇದನ್ನು ಉಷ್ಣದ ಹುಣ್ಣೆಂದು ಬಿಡದೆ ಬಾಯಿಯ ಕ್ಯಾನ್ಸರ್ ಇರಬಹುದೆಂದೇ ಭಾವಿಸಿ ಮುಂದುವರಿಯುವುದು ಸೂಕ್ತ. ಚೂಪಾದ ಹಲ್ಲು ತಾಗಿಯೂ ಇಂಥ ಹುಣ್ಣಾಗುವುದುಂಟು. ಯಾವುದೆಂಬುದು ಬಯಾಪ್ಸಿಯಿಲ್ಲದೆ, ಎಂದರೆ ಹುಣ್ಣಿನ ಚಿಕ್ಕ ಚೂರು ತೆಗೆದು ಪರೀಕ್ಷಿಸದೆ, ತಿಳಿಯದು. 3 ವಾರ ಮೀರಿದ ಹುಣ್ಣಿಗೆ ಬಿ-ಕಾಂಪ್ಲೆಕ್ಸ್ ಮಾತ್ರೆ, ಮುಲಾಮುಗಳಲ್ಲಿ ಇನ್ನಷ್ಟು ದಿನ ಕಳೆಯಬೇಡಿ.

ಈ ವಾರವೇ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಅಥವಾ ಬಾಪೂಜಿ ದಂತ ಕಾಲೇಜಿಗೆ ಅವರನ್ನು ಕರೆದೊಯ್ದು, ಹುಣ್ಣು ಎಷ್ಟು ದಿನದ್ದೆಂಬುದನ್ನೂ ತಂಬಾಕಿನ ವಿಷಯವನ್ನೂ ನೀವೇ ಮೊದಲು ತಿಳಿಸಿ (ಹಿರಿಯರು ವೈದ್ಯರೆದುರು ಇದನ್ನು ಮುಚ್ಚಿಡುವುದೇ ಹೆಚ್ಚು), ಹುಣ್ಣಿನ ಬಯಾಪ್ಸಿ ಮತ್ತು ಗಂಟಿನ ಸೂಜಿ ಪರೀಕ್ಷೆಯ ಬಗ್ಗೆ ಕೇಳಿ. ವರದಿಯಲ್ಲಿ ಕ್ಯಾನ್ಸರ್ ಎಂದು ಬಂದರೆ ರೆಫರಲ್ ಚೀಟಿ ಬರೆಸಿಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬಹುದು. ಆಧಾರ್, ಪಡಿತರ ಚೀಟಿ ಜೊತೆಗಿರಲಿ.

ಉಸಿರೆಳೆಯುವಾಗ ಕೀರಲು ಸದ್ದು, ಉಗುಳನ್ನೂ ನುಂಗಲಾಗದಿರುವುದು, ನಿಲ್ಲದ ರಕ್ತಸ್ರಾವ, ಇವುಗಳಲ್ಲಿ ಒಂದು ಕಂಡರೂ ಹೊರರೋಗಿ ಚೀಟಿಯ ಸರದಿಗೆ ಕಾಯದೆ 108ಕ್ಕೆ ಕರೆ ಮಾಡಿ.